ಬಾಲ ಬೀಸದ ಉಡ

ಡಾರ್ವಿನ್, ಸೋಮವಾರ

ಮಗಳೇ ಬ್ರಿಯೋನಿ,

ನೀನು ಕೆಲಸ ಮಾಡುವ ಸಿಗಡಿ ದೋಣಿಗೆ ಸರಕು ತರುವವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನೀನು ಸಾಕಿದ ಉಡ ಡಿಗರ್ ಊಟ ಬಿಟ್ಟಿದೆ. ಪ್ರಾಣಿವೈದ್ಯೆ ಅದರ ಹೊಟ್ಟೆ ಮುಟ್ಟಿ ನೋಡಿ, "ಹುಳ ಆಗಿರ್ಬೇಕು. ಗೋಡೆ ಹಲ್ಲಿ ಹಿಡಿದು ತಿನ್ಸಿದ್ಯಾರು?" ಎಂದು ರೇಗಿದರು. "ನಾನೇ" ಎಂದುಬಿಟ್ಟೆ. ಇನ್ನು ಮುಂದೆ ಮನೆಗೆ ಬಂದಾಗ ವರಾಂಡದ ದೀಪದ ಹತ್ತಿರ ನೀನು ಹಲ್ಲಿ ಹಿಡಿಯುವುದು ಬೇಡ, ಅಷ್ಟೇ.

ಯಾವ ಹುಳ ಎಂದು ತಿಳಿಯಲು ಹೊಸ ಹಿಕ್ಕೆ ಬೇಕಂತೆ. ತಿನ್ನದ ಪ್ರಾಣಿ ಹಿಕ್ಕೆ ಎಲ್ಲಿಂದ ಹಾಕಬೇಕು? ನೆನೆದರೆ ಹಾಕೀತು ಎಂದು ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿ ಕಾಯುತ್ತಿದ್ದೇನೆ. ಬೇರೇನಾದರೂ ಗೊತ್ತಿದ್ದರೆ ಬೇಗ ಬರೆ.

ನನ್ನನ್ನು ಕಂಡರೆ ಬಾಲದಿಂದ ಬಾರಿಸುತ್ತಿದ್ದದ್ದು, ಈಗ ಎತ್ತಿಕೊಂಡರೂ ಸುಮ್ಮನಿರುತ್ತದೆ. ಅದು ಮೊದಲಿನಂತೆ ಒಂದೇಟು ಹೊಡೆಯಬಾರದೇ ಅನಿಸುತ್ತದೆ.

ನಿನ್ನ ಅಪ್ಪ,
ಡೆಸ್ಮಂಡ್