ನಾನು ಮೇಲಕ್ಕೆತ್ತಿದ ಹೂವು

ಅಬ್ಬಾ, ನಿಮಗೆ ಸಲಾಮ್.

ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರಿಕೆ ಮುಗಿದ ಮೇಲೂ ರಾಣೆಬೆನ್ನೂರಿನ ಮನೆಯ ಕಿಟಕಿ ಪಕ್ಕ ಕೂತು ನೀವು ಗಿಡಗಳ ಚಿತ್ರ ಬರೆಯುತ್ತಿದ್ದಿರಿ. ಒಮ್ಮೆ ನಾನು ಹೂವಿಗೆ ಒಂದು ಎಸಳು ಹೆಚ್ಚಿಗೆ ಹಾಕಿದ್ದಕ್ಕೆ, "ಚಂದ ಕಾಣಬೇಕಂದ್ರ ಮದುವಿ ಕಾರ್ಡಿಗೆ ಬರಿ ಬೇಟಾ. ಇದು ಗಿಡಾ ನೋಡದಿದ್ದವ್ರು ಗುರುತು ಹಿಡಿಯಾಕ" ಎಂದಿರಿ. ನನಗೆ ಸಿಟ್ಟು ಬಂದಿತ್ತು. ಒಂದು ಎಸಳಿಗೆ ಇಷ್ಟು ರಂಪವೇ?

ಗುತ್ತಲದ ಹೊಳೆದಂಡೆಯ ಆ ಸಣ್ಣ ಗಿಡ ನೆನಪಿದೆಯಲ್ಲ? ಹಾವೇರಿಯ ಸಸ್ಯಶಾಸ್ತ್ರದ ಮೇಡಂ ತಮ್ಮ ಪುಸ್ತಕಕ್ಕೆ ಅದರ ಚಿತ್ರ ಕೇಳಿದಾಗ ನಿಮಗೆ ಮಂಚ ಬಿಟ್ಟು ಏಳಲಾಗುತ್ತಿರಲಿಲ್ಲ. ನಾನೇ ಹೋದೆ. ಬಸ್ಸು ತಪ್ಪೀತೆಂದು ಗಡಿಬಿಡಿಯಲ್ಲಿ ಗಿಡ ಕಿತ್ತು, ಹಳೇ ಪೇಪರಿನ ನಡುವೆ ಒತ್ತಿ ತಂದೆ. ಅಲ್ಲೇ ನಿಂತು ಒಂದು ಗೆರೆಯನ್ನೂ ಹಾಕಿಕೊಳ್ಳಲಿಲ್ಲ. ನೀವು ಭೂತಗನ್ನಡಿ ಹಿಡಿದು ಕೇಳಿದಿರಿ: "ಒತ್ತಿದ ಹೂವಿನ ಮಾರಿ ನಂಬಾಕ ಬರಂಗಿಲ್ಲ. ಗಿಡದಾಗ ಇದ್ದಾಗ ಮ್ಯಾಲ ನೋಡತಿತ್ತೋ, ಕೆಳಗೋ?"

"ಮ್ಯಾಲ, ಅಬ್ಬಾ" ಅಂದೆ. ನಾನು ನೋಡಿಯೇ ಇರಲಿಲ್ಲ. ಗೊತ್ತಿಲ್ಲ ಅಂದಿದ್ದರೆ ನೀವು ಆ ಜಾಗ ಖಾಲಿ ಬಿಡುತ್ತಿದ್ದಿರಿ. ನನ್ನ ಮಾತು ನಂಬಿ, ನಡುಗುವ ಕೈಗೆ ಎಡಗೈ ಆಸರೆ ಕೊಟ್ಟು, ಪ್ರತಿ ಹೂವನ್ನೂ ಮೇಲ್ಮುಖವಾಗಿ ಬರೆದಿರಿ. ಕೆಳಗೆ ಸಹಿ ಹಾಕಿದಿರಿ. ಆಮೇಲೆ ಪೆನ್ನು ಹಿಡಿಯಲೇ ಇಲ್ಲ.

ನೀವು ತೀರಿಕೊಂಡ ನಲವತ್ತನೇ ದಿನದ ಫಾತಿಹಾ ಮುಗಿದ ವಾರ ಗುತ್ತಲಕ್ಕೆ ಹೋಗಿದ್ದೆ. ಯಾಕೆ ಹೋದೆನೋ. ದಂಡೆಯುದ್ದಕ್ಕೂ ಅದೇ ಗಿಡ ಅರಳಿತ್ತು. ಒಂದು ಹೂವೂ ಮೇಲೆ ನೋಡುತ್ತಿರಲಿಲ್ಲ ಅಬ್ಬಾ. ಎಲ್ಲವೂ ತಲೆ ಕೆಳಗೆ ಹಾಕಿದ್ದವು. ಅಲ್ಲೇ ಕೂತು ಅತ್ತುಬಿಟ್ಟೆ. ಬಾಯಿ ಮುಚ್ಚಿಕೊಂಡಿದ್ದರೆ ನಿಮ್ಮ ಚಿತ್ರ ಉಳಿಯುತ್ತಿತ್ತು. ಹತ್ತು ದಿನ ಮುಚ್ಚಿಕೊಂಡೂ ಇದ್ದೆ. ಆದರೆ ಆ ಪುಟ ನಂಬಿ ಯಾರಾದರೂ ಗಿಡ ಹುಡುಕುತ್ತಾ ಬಂದರೆ...

ಕೊನೆಗೆ ಮೇಡಂಗೆ ನಿಜ ಹೇಳಿದೆ. "ಹೂವು ಬಾಗಿದ್ರ ಗಿಡದ ಜಾತಿನೇ ಬ್ಯಾರೆ ಆಗತೈತಮ್ಮಾ. ಸರ್ ಇದ್ದಿದ್ರ ಅವರೇ ತಿದ್ದತಿದ್ರು" ಎಂದರು. ನೀವಿಲ್ಲವಲ್ಲ. ನಿಮ್ಮ ಗೆರೆಯನ್ನು ಬ್ಲೇಡಿನಿಂದ ಕೆರೆಯಲು ನನ್ನ ಕೈ ಏಳಲಿಲ್ಲ. ತಪ್ಪು ನನ್ನದು, ಸಹಿ ನಿಮ್ಮದು. ಇದಕ್ಕೆ ನಾನೇನು ಮಾಡಲಿ?

ಪುಸ್ತಕ ಮೊನ್ನೆ ಅಚ್ಚಾಗಿ ಬಂತು. ನಿಮ್ಮ ಕೊನೆಯ ಚಿತ್ರ ಅದರಲ್ಲಿಲ್ಲ. ಆ ಪುಟದಲ್ಲಿರುವುದು ನಾನು ಹೊಳೆದಂಡೆಯಲ್ಲೇ ಕೂತು ಬರೆದದ್ದು. ಕೆಳಗೆ ನನ್ನ ಹೆಸರಿದೆ, ಅಬ್ಬಾ.