ಓರ್ಕಾಗಳು ಪಶ್ಚಿಮಕ್ಕಿವೆ

ಜುಲೈ 9, ಸಂಜೆ
ಪೂರ್ವದ ಗಾಳಿ. ದುರ್ಬೀನಿನ ಗಾಜಿನ ಮೇಲೆ ಉಪ್ಪು. ಒರೆಸಿ ನೋಡಿದೆ — ಓರ್ಕಾಗಳು, ಆ ಕಪ್ಪು-ಬಿಳಿ ತಿಮಿಂಗಿಲಗಳು, ಮೀನುದೋಣಿಗಳ ಸುತ್ತಲೇ ಇದ್ದವು. ದಿನದಂತೆ ಬೆಳಿಗ್ಗೆಯೇ ಬಂದರಿನ ರೇಡಿಯೊದಲ್ಲಿ ಹೇಳಿದ್ದೆ, ಸ್ಪ್ಯಾನಿಷ್‌ನಲ್ಲಿ, ಮತ್ತೆ ಇಂಗ್ಲಿಷ್‌ನಲ್ಲಿ: ಹಾಯಿದೋಣಿಯವರು ದಡ ಬಿಡಬೇಡಿ, ಓರ್ಕಾಗಳು ಚುಕ್ಕಾಣಿ ಮುರಿಯುತ್ತವೆ.

ಸಂಜೆ ತಮ್ಮ ಬಂದು ಮೇಜಿನ ಮೇಲೆ ಟ್ಯೂನಾ ಮೀನಿನ ತಲೆ ಇಟ್ಟ. ಬರೀ ತಲೆ.

"ತಗೋ ಅಕ್ಕಾ, ಇವತ್ತಿನ ದುಡಿಮೆ. ಮಿಕ್ಕಿದ್ದು ನಿನ್ನ ಮಕ್ಕಳ ಹೊಟ್ಟೇಲಿದೆ."

"ನನ್ನ ಮಕ್ಕಳಲ್ಲ, ಚಾನೊ."

"ಮತ್ಯಾರದ್ದು? ದಿನಾ ಅವುಗಳ ಕ್ಷೇಮಸಮಾಚಾರ ಓದೋಳು ನೀನೇ."

ಕಲ್ಲು ಕಟ್ಟಿದ ಗಾಳದ ದಾರ ಬಿಟ್ಟು ದಿನವಿಡೀ ಕಾಯುವವನು ಅವನು. ಮೀನು ಮೇಲೆ ಬರುವ ಹೊತ್ತಿಗೆ ದೋಣಿಯ ಮಗ್ಗುಲಲ್ಲೇ ಬಾಯಿ ತೆರೆದು ನಿಲ್ಲುವವು ಅವು. ಅವನ ಜಾಗದಲ್ಲಿ ನಾನಿದ್ದರೆ?

ಜುಲೈ 12
ಮೀನುಗಾರರು ಎಸೆಯುವ ಪಟಾಕಿಗೆ ಓರ್ಕಾಗಳು ಹೆದರುವುದನ್ನು ಬಿಟ್ಟಿವೆ. ಚಾನೊ, ಅವನ ಜೊತೆಗಾರ ಮೆಲ್ಚೊರ್ ಸೇರಿ ಈಟಿ ಮಾಡಿಸಿದ್ದಾರೆ.

"ಏನಕ್ಕಿದು?"

"ಗೋಡೆಗೆ ತೂಗು ಹಾಕೋಕೆ," ಅಂದ ಮೆಲ್ಚೊರ್. ಇಬ್ಬರೂ ನಕ್ಕರು.

"ಆ ಮುದುಕಿ ಓರ್ಕಾ ಒಂದನ್ನ ಮುಗಿಸಿದ್ರೆ ಸಾಕು," ಅಂದ ಚಾನೊ. "ಮರಿಗಳಿಗೆ ಕಳ್ಳತನ ಕಲಿಸೋದು ಅವಳೇ."

"ಓರ್ಕಾ ಕೊಂದು ಸಿಕ್ಕಿಬಿದ್ರೆ ಜೈಲು ಕಣೋ. ಅಷ್ಟು ದೊಡ್ಡ ಸಮುದ್ರದಲ್ಲಿ ಹುಡುಕ್ತೀಯೆಲ್ಲಿ?"

"ಹುಡುಕೋದ್ಯಾಕೆ, ಇಂಗ್ಲಿಷ್ ಮೇಡಮ್? ನೀನೇ ಬೆಳಿಗ್ಗೆ ರೇಡಿಯೊದಲ್ಲಿ ಹೇಳ್ತೀಯಲ್ಲ," ಅಂದ ತಮ್ಮ.

ಜುಲೈ 14, ಬೆಳಿಗ್ಗೆ
ನಿನ್ನೆ ಬರೆಯಲಿಲ್ಲ. ಪೊಲೀಸರಿಗೆ ಹೇಳಿದರೆ ತಮ್ಮ ಹೋಗುತ್ತಾನೆ. ಹೇಳದಿದ್ದರೆ ಮುದುಕಿ.

ಇವತ್ತು ಅವು ಪೂರ್ವಕ್ಕಿದ್ದವು, ತಾರಿಫಾ ಕಡೆ. ನಮ್ಮ ಬಾರ್ಬಾತೆ ಬಂದರಿನಿಂದ ಹೊರಡುವ ಹಾಯಿದೋಣಿ ಒಂದೂ ಇರಲಿಲ್ಲ, ವಿಚಾರಿಸಿಕೊಂಡಿದ್ದೆ. "ಓರ್ಕಾಗಳು ಪಶ್ಚಿಮಕ್ಕಿವೆ" ಅಂದೆ. ಚಾನೊನ ದೋಣಿ ಪಶ್ಚಿಮಕ್ಕೆ ತಿರುಗಿತು. ಓರ್ಕಾ ಇದ್ದಲ್ಲಿ ಟ್ಯೂನಾ ಎಂದು ಮಿಕ್ಕ ಮೀನುದೋಣಿಗಳೂ ಹಿಂಬಾಲಿಸಿದವು. ನಾನೆಷ್ಟು ಜಾಣೆ ಅನ್ನಿಸಿತು. ಅಷ್ಟು ಸುಲಭಕ್ಕೆ...

ಅದೇ ದಿನ, ಸಂಜೆ
ಇಲ್ಲಿಂದ ಹೊರಡುವವರನ್ನು ಕೇಳಿದ್ದೆ. ಬರುವವರನ್ನು ಕೇಳಿರಲಿಲ್ಲ.

ಜಿಬ್ರಾಲ್ಟರಿನಿಂದ ಹಾಯಿದೋಣಿಯಲ್ಲಿ ಬರುತ್ತಿದ್ದ ಗಂಡಹೆಂಡತಿ. ನನ್ನ ಮಾತು ನಂಬಿ, ಪೂರ್ವದಲ್ಲಿ ಭಯವಿಲ್ಲವೆಂದು ದಡ ಬಿಟ್ಟು ತಾರಿಫಾ ಕಡೆಯ ಕೊಲ್ಲಿಯನ್ನು ಅಡ್ಡ ಹಾಯ್ದರು. ಓರ್ಕಾಗಳು ಚುಕ್ಕಾಣಿ ಮುರಿದವು, ನೀರು ಒಳಗೆ ನುಗ್ಗಿತು. ಹೆಂಗಸು ರೇಡಿಯೊದಲ್ಲಿ ಇಂಗ್ಲಿಷಿನಲ್ಲಿ ಕೂಗುತ್ತಿದ್ದಳು. ಎಳೆದು ತರಬಲ್ಲ ದೋಣಿಗಳನ್ನೆಲ್ಲ ಪಶ್ಚಿಮಕ್ಕೆ ಅಟ್ಟಿದವಳು ನಾನು. ಚಾನೊನನ್ನೇ ಕರೆದೆ.

"ಪಶ್ಚಿಮಕ್ಕೆ ಅಂದಿದ್ಯಲ್ಲೇ!"

"ಬಾರೋ, ಮುಳುಗ್ತಿದ್ದಾರೆ."

ಬಂದ. ಇಬ್ಬರನ್ನೂ ಉಳಿಸಿದ. ಅವನು ಮುಟ್ಟುವಷ್ಟರಲ್ಲಿ ಓರ್ಕಾಗಳು ಹೊರಟುಹೋಗಿದ್ದವು.

ಬಂದರಿನಲ್ಲಿ ಆ ಗಂಡಸು ಕಿರುಚಿದ: ಯಾರು ಹಾಗೆ ಹೇಳಿದ್ದು? ಎಲ್ಲರೂ ನನ್ನ ಕಡೆ ತಿರುಗಿದರು.

"ಅಕ್ಕ ಸರಿಯಾಗೇ ಹೇಳಿದ್ಲು," ಅಂದ ಚಾನೊ. "ಅವಕ್ಕೇನು, ಗಳಿಗೆಗೊಂದು ಕಡೆ."

ಆಮೇಲೆ ನನ್ನ ಹತ್ತಿರ ಬಂದು, ಮೆಲ್ಲಗೆ: "ನಾಳೆ ನಿಜ ಹೇಳು. ನಾನು ಮತ್ತೆ ಬಾಯಿ ಮುಚ್ಚಿಕೊಂಡಿರಲ್ಲ."

ಜುಲೈ 15, ಬೆಳಿಗ್ಗೆ
ಸಮುದ್ರ ಕನ್ನಡಿಯಂತಿದೆ. ಬಂದರಿನ ಬಾಯಲ್ಲೇ, ಎದುರಿಗೆ, ಮುದುಕಿ ಮತ್ತು ಮರಿಗಳು. ಹೊರಡಲು ಮೂರು ಹಾಯಿದೋಣಿಗಳು ಸಿದ್ಧವಾಗಿದ್ದವು, ಒಂದರಲ್ಲಿ ಮಗು. ಚಾನೊ ಎಂಜಿನ್ ಆರಿಸಿ ರೇಡಿಯೊಗೆ ಕಿವಿ ಕೊಟ್ಟು ಕೂತಿದ್ದ.

ಹೇಳಿದೆ. ಇದ್ದದ್ದು ಇದ್ದಲ್ಲೇ. ಎರಡೂ ಭಾಷೆಯಲ್ಲಿ.

ಹಾಯಿದೋಣಿಗಳು ಹಗ್ಗ ಬಿಚ್ಚಲಿಲ್ಲ. ಚಾನೊ ಒಬ್ಬನೇ ಹೊರಟ. ಪೊಲೀಸರಿಗೆ ಫೋನ್ ಮಾಡಿದೆ, ಕೊನೆಗೂ. ತಮ್ಮನ ಹೆಸರು ನಾನೇ ಹೇಳಿದೆ. ಹೊರಡುತ್ತೇವೆ ಅಂದರು. ಅವರ ದೋಣಿ ಇನ್ನೂ ಕಾಣುತ್ತಿಲ್ಲ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ನೋಡಬಾರದು ಅಂದುಕೊಂಡೆ. ನೋಡುತ್ತಿದ್ದೇನೆ. ಮುದುಕಿ ಓಡಿಹೋಗುತ್ತಿಲ್ಲ, ಅವನ ಕಡೆಗೇ ಬರುತ್ತಿದ್ದಾಳೆ. ದೋಣಿ ಅಂದರೆ ಅವಳಿಗೆ ಮೀನು. ಹಾಗೆಂದು ಕಲಿಸಿದವರು ನಾವೇ ಅಲ್ಲವೇ? ಮರಿಯೂ ಪಕ್ಕದಲ್ಲೇ. ಚಾನೊ ಎದ್ದು ನಿಂತ. ಎರಡೂ ಕೈಯಲ್ಲಿ ಈಟಿ ಮೇಲೆತ್ತಿ —