ಬಾಲ್ಕನಿ ಇಲ್ಲದ ರೂಮು

ಭಾವನಾ,

ಹಡಗಲ್ಲಿ ನಮಗೆ ಕೊಟ್ಟಿರೋ ಬಾಲ್ಕನಿ ರೂಮು ಬದಲಾಯಿಸ್ಕೊಳ್ಳೋಣ ಅಂತ ನಾನು ಮುಂಚೆನೇ ಹಾರ್ಬರ್‌ಗೆ ಹೊರಟೆ. ನಡುಮಧ್ಯದ, ಕಿಟಕಿ ಇಲ್ಲದ ರೂಮು ಕೇಳ್ತೀನಿ. ತೂಗಾಟವೂ ಅಲ್ಲಿ ಕಮ್ಮಿ.

ಅಪ್ಪನಿಗೆ ಊಟ ಹಾಕಿ ಕರ್ಕೊಂಡು ಬಾ. ಮಾತ್ರೆಗಳು ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆ ರೂಮಿಗೆ ಬರೋದು ಯಾವಾಗಲೂ ತಡ.

ಹೋದ ಸಲ ಹಡಗಲ್ಲಿ ಅವರು ಟ್ರೈನಲ್ಲಿದೀನಿ ಅಂದ್ಕೊಂಡು, "ಮಾಂಬಲಂ ಸ್ಟೇಷನ್ ಬಂತು, ಇಳಿ" ಅಂತ ಬಾಲ್ಕನಿ ಕಂಬಿ ಮೇಲೆ ಕಾಲಿಟ್ಟಿದ್ರು. ಪಂಚೆ ಹಿಡಿದು ಎಳೆದೆ.

ಮತ್ತೆ ಯಾಕಮ್ಮ ಹಡಗು ಅಂತ ಕೇಳಬೇಡ. ಸಮುದ್ರದ ಮೇಲಿದ್ರೆ ಮಾತ್ರ ಅವರಿಗೆ ನನ್ನ ಹೆಸರು ನೆನಪಾಗುತ್ತೆ. ಅವರ ಕೈಗೆ ನನ್ನ ಸೆರಗು ಕಟ್ಕೊಂಡು ಮಲಗ್ತೀನಿ.

ಒಳಗಿನ ರೂಮು ಸಿಗದಿದ್ರೆ ಹಾರ್ಬರ್ ಗೇಟಲ್ಲೇ ನಿಂತಿರ್ತೀನಿ. ಆಗ "ಮನೆಗೆ ಹೋಗೋಣಪ್ಪ" ಅಂತ ನೀನೇ ಹೇಳು. ನನ್ನ ಬಾಯಲ್ಲಿ ಬರಲ್ಲ.

ಅಮ್ಮ